ಈಜುಗಾರ ಮಲಕಪ್ಪನ ಪಥ್ಯ

ಭಾನುವಾರ ಬೆಳಿಗ್ಗೆ ಚಹಾದಂಗಡಿಯ ಬಾಕಿನ ಮೇಲೆ ಕುಳಿತು ಮಲಕಪ್ಪ ಒಂದು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರನ್ನು ಚಹಾದ ಜೊತೆಗೇ ನುಂಗಿಕೊಂಡಿದ್ದರೆ ಮುಂದಿನದ್ದೊಂದೂ ಆಗುತ್ತಿರಲಿಲ್ಲ. ಅವನು ಬಿಟ್ಟದ್ದೂ ಅಲ್ಲದೆ ಅದರ ಬೆನ್ನಿಗೆ ಒಂದು ಮಾತನ್ನೂ ಕಟ್ಟಿ ಕಳಿಸಿದ.

"ಏನ ಮಾಡೂದು, ಡಾಕ್ಟರು ನೀರಿಗೆ ಇಳೀಬ್ಯಾಡ ಅಂದಾರ. ಇಲ್ಲಂದ್ರ ಇವತ್ತ ತೋರಸ್ತಿದ್ದೆ."

ಇವತ್ತು ಅಂದರೆ ಈಜುಕೊಳದ ಉದ್ಘಾಟನೆಯ ದಿನ. ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಕಾಮಗಾರರು ಚಾಳುಗಳಲ್ಲಿ ಸಂಸಾರ ಹೂಡಿದ್ದರು. ಊರ ಪಕ್ಕದಲ್ಲೇ ಕಾಳಿ ನದಿ ತುಂಬಿ ಹರಿಯುತ್ತಿದ್ದರೂ ಯಾರೂ ಅದರಲ್ಲಿ ಮನಸಾರೆ ಮುಳುಗಿ ಏಳುವಂತಿರಲಿಲ್ಲ. ನದಿಯ ತುಂಬ ಮೊಸಳೆಗಳು. ಅದಕ್ಕೇ ಕಾಮಗಾರರ ಆಟೋಟ ಮಂಡಳಿಯವರು ತಾವೇ ಮಣ್ಣು ಹೊತ್ತು, ಕಲ್ಲು ಕಟ್ಟಿ, ಸಿಮೆಂಟು ಮೆತ್ತಿ ಒಂದು ಕೊಳ ಮಾಡಿದ್ದರು. ಅದಕ್ಕೆ ಮೊದಲು ಹಾರಬೇಕಾದವನು ಮಲಕಪ್ಪನೇ ಎಂದು ಅಡಿಗಲ್ಲು ಹಾಕುವ ಮೊದಲೇ ಠರಾವಾಗಿತ್ತು.

ಯಾಕೆಂದರೆ ಬಿದಿರು ಕೊಚ್ಚುವ ಖಾತೆಯ ಮಲಕಪ್ಪ ಚಾಳಿನಲ್ಲೆಲ್ಲ ಹೆಸರಾದ ಈಜುಗಾರ. ಅವನ ಊರು ಮಲಪ್ರಭೆಯ ದಂಡೆಯ ಮೇಲಿನದು. ಹರೆಯದಲ್ಲಿ ಒಮ್ಮೆ ಹೊಳೆ ದಾಟಿದೆ ಎಂದು ಅವನು ದಾಂಡೇಲಿಗೆ ಬಂದ ಹೊಸತರಲ್ಲಿ ಹೇಳಿದ್ದ. ಮುಂದಿನ ಮಳೆಗಾಲದಲ್ಲಿ ಆ ಹೊಳೆಗೆ ಮಹಾಪೂರ ಬಂತು. ಅದರ ಮುಂದಿನ ವರ್ಷ ಅವನ ತಲೆಯ ಮೇಲೆ ಸರಕಾರದ ಟಪಾಲು ಚೀಲ ಬಂದು ಕುಳಿತಿತು. ಇತ್ತೀಚೆಗೆ ತಾಲೂಕಿನ ಮಾಮಲೇದಾರರು ಬೆಳ್ಳಿಯ ಪದಕವನ್ನೂ ಕೊಟ್ಟಿದ್ದರು. ಅದು ಮನೆ ಬದಲಿಸುವಾಗ ಕಳೆದುಹೋಗಿತ್ತು.

ನಿಜ ಸಂಗತಿ ಇಷ್ಟೇ. ಹೊಳೆ ದಾಟಿದ್ದು ಒಂದು ಎಮ್ಮೆ. ಮಲಕಪ್ಪ ಅದರ ಬಾಲ ಹಿಡಿದುಕೊಂಡಿದ್ದ. ಓರಗೆಯ ಹುಡುಗರೆಲ್ಲ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವಾಗ ಅವನು ಬುರುಡೆ ಕಾಯುತ್ತ ದಂಡೆಯ ಮೇಲೆ ಕುಳಿತಿರುತ್ತಿದ್ದ. "ಹಂಗಾದ್ರ ಕಾಳಿಯೊಳಗ ಒಮ್ಮೆ ಇಳದು ತೋರಸು" ಎಂದು ಯಾರಾದರೂ ಅಂದರೆ "ಮೊಸಳಿ ಅದಾವಲ್ಲೋ" ಅನ್ನುತ್ತಿದ್ದ. ಇಷ್ಟು ವರ್ಷ ಅವನ ಮಾನವನ್ನು ಕಾಯ್ದುಕೊಂಡು ಬಂದದ್ದು ಆ ಮೊಸಳೆಗಳೇ. ಕೊಳದ ಕೆಲಸ ಶುರುವಾದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಕೊಳಕ್ಕೆ ಒಂದಾದರೂ ಮೊಸಳೆ ಬಿಡಿಸಲು ಬರುವಂತಿದ್ದರೆ ಬಿಡಿಸುತ್ತಿದ್ದ.

ಅಷ್ಟರಲ್ಲಿ ಅವನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು.

ಮೊದಲು ಅಡಿಕೆಯಷ್ಟಿತ್ತು, ಆಮೇಲೆ ನಿಂಬೆಯಷ್ಟಾಯಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು. ಆ ಶಬ್ದವನ್ನು ಚಾಳಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, "ಆ ದೊಡ್ಡ ಬ್ಯಾನಿ" ಎನ್ನುತ್ತಿದ್ದರು. ಮಲಕಪ್ಪ ಆಸ್ಪತ್ರೆಯಲ್ಲಿದ್ದು, ಜನ ಕರೆಂಟು ಅನ್ನುವ ವಿಕಿರಣ ಹಿಡಿಸಿಕೊಂಡ. ಕುತ್ತಿಗೆಯ ಮೇಲೆ ನೇರಳೆ ಬಣ್ಣದ ಗೆರೆ ಎಳೆದು, ದೊಡ್ಡ ಯಂತ್ರದ ಕೆಳಗೆ ಮಲಗಿಸಿ, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಕೋಣೆಯಲ್ಲಿ ಒಬ್ಬನೇ ಮಲಗಿದಾಗ ಅವನಿಗೆ ಬಹಳ ಹೆದರಿಕೆಯಾಗುತ್ತಿತ್ತು. ಗಂಟಲು ಸುಟ್ಟು, ಗಂಜಿ ಕೂಡ ಮಣ್ಣಿನಂತಾಗಿತ್ತು. ಮೊದಲ ಸುತ್ತು ಮುಗಿಸಿ, ಗುಳಿಗೆ ಕಟ್ಟಿಕೊಟ್ಟು ಮನೆಗೆ ಕಳಿಸುವಾಗ ಡಾಕ್ಟರು ಕೂರಿಸಿಕೊಂಡು ಹೇಳಿದ್ದರು:

"ನೋಡ್ರಿ, ರಕ್ತದಾಗ ರೋಗದ ಜೋಡಿ ಬಡದಾಡೂ ಬಿಳೀ ಕಣ ಇರ್ತಾವ. ಈ ಕರೆಂಟು, ಈ ಗುಳಿಗಿ ಗಂಟಿನ ಜೋಡಿ ಅವನ್ನೂ ಹೊಡೀತಾವ. ಮನ್ಯಾಗ ಕಾವಲುಗಾರ ಇಲ್ಲದಾಗ ಬಾಗಲಾ ತಗದ ಇಡಬಾರದು. ನಾಕು ಮಂದಿ ಇಳಿಯೂ ಹೊಂಡಾ, ಕೆರಿ, ಈಜೂ ಕೊಳ, ಯಾವದೂ ಬ್ಯಾಡ. ಅವರಿಗೆ ಎರಡ ದಿನದ ಭೇದಿ, ಎರಡ ದಿನದ ಖಜ್ಜಿ. ನಿಮಗ ಜೀವಕ್ಕ ಬರೂದು. ಕೊಳ್ಳಿನ ಮ್ಯಾಲಿನ ಗೆರಿಗಂತೂ ನೀರ ಮುಟ್ಟಸಲೇಬ್ಯಾಡ್ರಿ."

"ಅಂದ್ರ ಈಜಂಗಿಲ್ಲೇನ್ರಿ ಸಾಹೇಬ್ರ?"

"ಸುತರಾಂ ಇಲ್ಲ. ಎರಡನೇ ಸುತ್ತಿನ ಕರೆಂಟು ಮುಗದು, ರಕ್ತ ತಪಾಸಣಿ ಆಗಿ, ನಾವು ಹೂಂ ಅನ್ನೂತನಕ ಇಲ್ಲ."

ಅಷ್ಟು ಹೆದರಿಕೆಯ ನಡುವೆಯೂ ಮಲಕಪ್ಪನ ಎದೆಯೊಳಗೆ ತಂಗಾಳಿ ಬೀಸಿತು. ಮೊಸಳೆಯ ಜಾಗಕ್ಕೆ ಡಾಕ್ಟರು ಬಂದಿದ್ದರು.

ಊರಿಗೆ ಬಂದು ನಾಲ್ಕು ದಿನ ವಿಚಾರ ಮಾಡಿದ ಮೇಲೆ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಎರಡನೇ ಸುತ್ತು ಮುಗಿಯುವವರೆಗೆ ಈಜುವಂತಿಲ್ಲ. ಎರಡನೇ ಸುತ್ತಿಗೆ ಹೋಗದೇ ಇದ್ದುಬಿಟ್ಟರೆ? ಆ ಕೋಣೆಯಲ್ಲಿ ಒಬ್ಬನೇ ಮಲಗುವುದೂ ತಪ್ಪಿತು, ಕೊಳಕ್ಕೆ ಹಾರುವುದೂ ತಪ್ಪಿತು. ಗಂಟಂತೂ ಕರಗಿದಂತೆ ಕಾಣುತ್ತಿತ್ತು. ಕರಗಿದಂತೆ ಕಾಣುವುದಕ್ಕೂ ನಿಜವಾಗಿ ಕರಗಿಹೋಗುವುದಕ್ಕೂ ನಡುವೆ ಒಂದು ಜೀವ ನಿಂತಿರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ಹೆದರಿದ ಮನುಷ್ಯ ತನಗೆ ಬೇಕಾದ ಲೆಕ್ಕವನ್ನೇ ಹಾಕುತ್ತಾನೆ.

"ತಾರೀಖು ಬಂತಲ್ರಿ, ಯಾವಾಗ ಹೋಗೂಣು?" ಎಂದು ಹೆಂಡತಿ ಕೆಂಚವ್ವ ಕೇಳಿದಾಗಲೆಲ್ಲ "ನೋಡೂಣು" ಎಂದ. ಮೂರ್ನಾಲ್ಕು ಸಲ ಕೇಳಿ ಕೆಂಚವ್ವ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಒಪ್ಪಿಗೆ ಎಂದು ತಿಳಿದದ್ದು ಮಲಕಪ್ಪನ ದೊಡ್ಡ ತಪ್ಪು.

ಆ ಭಾನುವಾರ ಇಳಿಹೊತ್ತಿಗೆ ಉದ್ಘಾಟನೆ. ಮಲಕಪ್ಪ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಹಾರ ಹಾಕಿಸಿಕೊಂಡು, ಹಾರುವವರಿಗೆ ಕೈಕಾಲು ಹೀಗೆ ಹೊಡಿ, ಹಾಗೆ ಹೊಡಿ ಎಂದು ಹೇಳಿಕೊಡುವುದೆಂದು ಲೆಕ್ಕ ಹಾಕಿದ್ದ. ಅದರ ಖುಷಿಯಲ್ಲೇ ಆ ನಿಟ್ಟುಸಿರು ಬಂದದ್ದು.

ಬಾಕಿನ ಮೇಲೆ ಅವನ ಪಕ್ಕದಲ್ಲಿ ಮನ್ಸೂರ ಕುಳಿತಿದ್ದ. ಮನ್ಸೂರ ವರ್ಕ್‌ಶಾಪಿನ ಫಿಟ್ಟರ್, ಆಟೋಟ ಮಂಡಳಿಯ ಸೆಕ್ರೆಟರಿ, ಮಲಕಪ್ಪನ ಜೀವದ ಗೆಳೆಯ. ಮುರಿದ ವಸ್ತುವನ್ನು ಕಂಡರೆ ಸರಿಮಾಡದೆ ಬಿಡುವ ಆಸಾಮಿಯಲ್ಲ. ಗೆಳೆಯನ ನಿಟ್ಟುಸಿರು ಕೇಳಿ ಅವನ ಕಣ್ಣಲ್ಲಿ ನೀರು ತುಂಬಿತು. ಬಸಿಯಲ್ಲಿದ್ದ ಚಹಾ ಅಲ್ಲಿಯೇ ಬಿಟ್ಟು ಎದ್ದು ಹೋದ.

ಅದೇ ಹೊತ್ತಿಗೆ ಹಾಲಿನ ತಂಬಿಗೆ ಹಿಡಿದು ಗಿರಿಜಾಬಾಯಿ ಅಂಗಡಿಯ ಮುಂದೆ ಹಾಯ್ದಳು. ಮಲಕಪ್ಪನ ಮನೆಗೆ ಅಂಟಿಕೊಂಡ ಮನೆ ಅವಳದು. ಒಂದು ಮಾತು ಅವಳ ಕಿವಿಯೊಳಗೆ ಹೋಗಿ ಬಾಯಿಂದ ಬರುವಷ್ಟರಲ್ಲಿ ಮದುವೆಯಾಗಿ ಮಕ್ಕಳ ತಾಯಿಯಾಗಿರುತ್ತಿತ್ತು. ಮಲಕಪ್ಪ ಮನೆ ಮುಟ್ಟಿದಾಗ ಅವಳು ಆಗಲೇ ಕೆಂಚವ್ವನ ಹೊಸ್ತಿಲ ಮೇಲೆ ಕುಳಿತಿದ್ದಳು.

"ಒಮ್ಮೆ ಈಜಿದ್ರ ಸಾಕು, ಆಮ್ಯಾಲ ಸತ್ರೂ ಚಿಂತಿಲ್ಲ ಅಂತ ಅತ್ತರಂತ ನಿನ್ನ ಗಂಡ. ಕಡೀ ಆಶಾ ಕೆಂಚವ್ವಾ. ಕಡೀ ಆಶಾ ತೀರಸಲಿಲ್ಲಂದ್ರ ಸತ್ತ ಮ್ಯಾಲೂ ಜೀವಾ ತಿರುಗತೈತಿ."

ಕೆಂಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಗಂಡನ ಮುಖವನ್ನು ಒಮ್ಮೆ ನೋಡಿದಳು. "ಹೌದೇನ್ರಿ" ಎಂದಷ್ಟೇ ಹೇಳಿ, ಕೈ ತೊಳೆದುಕೊಂಡು ಬುಟ್ಟಿ ಎತ್ತಿಕೊಂಡಳು. "ಸಂತಿಗೆ ಹೋಗಿ ಬರ್ತೇನಿ. ರೊಟ್ಟಿ ಮುಚ್ಚಿಟ್ಟೇನಿ, ಉಣ್ರಿ."

ಮಲಕಪ್ಪ ಇನ್ನೂ ಎರಡನೇ ರೊಟ್ಟಿಗೆ ಕೈ ಹಾಕಿರಲಿಲ್ಲ, ಮನ್ಸೂರ ಬಂದ. ಮುಖ ಹಬ್ಬದಂತೆ ಬೆಳಗುತ್ತಿತ್ತು.

"ಮಲಕಪ್ಪಣ್ಣಾ, ಏಳು. ಇವತ್ತ ನೀನ ಮೊದಲ ಹಾರೂದು."

ಮಲಕಪ್ಪ ರೊಟ್ಟಿ ಕೆಳಗಿಟ್ಟ. "ಡಾಕ್ಟರು ಹೇಳ್ಯಾರಲ್ಲೋ ಮನ್ಸೂರ. ನಾಕು ಮಂದಿ ಇಳಿದ ನೀರು ನನಗ ವಿಷ."

"ಅದನ್ನ ನಾನೂ ವಿಚಾರ ಮಾಡೇನಿ. ಇವತ್ತ ಆ ನೀರಿಗೆ ಯಾರ ಇಳದಾರ ಹೇಳು? ಒಂದ ಕಪ್ಪಿ ಸೈತ ಇಳದಿಲ್ಲ. ಮೊದಲ ನೀ ಇಳಿ. ನೀ ಎದ್ದ ಮ್ಯಾಲ ನಾಕು ಮಂದಿ ಇಳೀತೇವಿ. ಹತ್ತಿದ್ರ ನಮಗ ಹತ್ತಲಿ."

ಮಲಕಪ್ಪ ಇನ್ನೊಂದು ನೆವ ಹುಡುಕಿ ತೆಗೆದ. "ಅಲ್ಲೋ, ನೀರು ಕಾಳಿ ಹೊಳಿದು. ಮ್ಯಾಲಿಂದ ದನಾ ತೊಳೆದದ್ದು, ಹೆಣಾ ಸುಟ್ಟದ್ದು ಎಲ್ಲಾ ಹರಕೊಂಡ ಬಂದಿರತೈತಿ. ಅದರಾಗ ಕಣ್ಣಿಗೆ ಕಾಣದ ಕೀಟಾಣು ಇರ್ತಾವ. ನನ್ನ ರಕ್ತದಾಗ ಕಾವಲುಗಾರ ಇಲ್ಲ."

ಮನ್ಸೂರ ತಲೆ ಕೆರೆದುಕೊಂಡ. ಮಲಕಪ್ಪ ನೆಮ್ಮದಿಯಿಂದ ರೊಟ್ಟಿ ಮುರಿದ. ಅಷ್ಟರಲ್ಲಿ ಬಾಗಿಲ ಹೊರಗಿಂದ ಒಂದು ದಪ್ಪ ದನಿ ಬಂತು.

"ಕೀಟಾಣು ಸಾಯ್ಬೇಕು, ಹೌದಿಲ್ಲ?"

ಚನಬಸಪ್ಪ ನಿಂತಿದ್ದ. ಬ್ಲೀಚಿಂಗ್ ಖಾತೆಯ ಹಳೆಯ ಜಾಬರ್, ಅಂದರೆ ಕಾಮಗಾರರ ಮುಖಂಡ. ಬೇಯಿಸಿದ ಬಿದಿರಿನ ಕಂದು ಅಂಬಲಿಯನ್ನು ಔಷಧದ ನೀರಿನಿಂದ ಹಾಲಿನಂತೆ ಬಿಳಿ ಮಾಡುವುದು ಆ ಖಾತೆಯ ಕೆಲಸ. ಆ ನೀರಿನ ವಾಸನೆ ಕುಡಿದು ಕುಡಿದು ಅವನ ಮೀಸೆಯೇ ಬೆಳ್ಳಗಾಗಿದೆ ಎಂದು ಹುಡುಗರು ಅನ್ನುತ್ತಿದ್ದರು.

"ನಾ ಬಿದರಿನ ಬಣ್ಣಾನ ಕೊಂದಾವ. ಕೀಟಾಣು ಯಾವ ಲೆಕ್ಕ. ನೀ ಉಂಡ ಅಡ್ಡಾಗು. ಇಳಿಹೊತ್ತಿಗೆ ಆ ಕೊಳದಾಗ ಜೀವ ಅಂಬೂದು ಇದ್ರ ನನ್ನ ಹೆಸರ ಬದಲ ಮಾಡು."

"ಕಾಕಾ, ನಿಮಗ್ಯಾಕ ಇಷ್ಟ ತ್ರಾಸು?" ಮಲಕಪ್ಪನ ದನಿ ಸಣ್ಣಗಾಗಿತ್ತು.

"ತ್ರಾಸೇನ ಬಂತು. ನಿನ್ನಂಥಾ ಹುಡುಗಗ ಮಾಡದ ಯಾರಿಗೆ ಮಾಡೂಣು."

ಮಧ್ಯಾಹ್ನ ಮಲಕಪ್ಪ ಅಡ್ಡಾದನೇ ಹೊರತು ಕಣ್ಣು ಮುಚ್ಚಲಿಲ್ಲ. ಹೊರಗೆ ಕೈಗಾಡಿಯ ಮೇಲೆ ಚೀಲಗಳು, ಜಾಡಿಗಳು ಹೋಗುವ ಸದ್ದು ಕೇಳುತ್ತಿತ್ತು. ಕೆಂಚವ್ವ ಸಂತೆಯಿಂದ ಬಂದಳು. ಬುಟ್ಟಿಯ ಮೇಲೆ ಹಳೆಯ ಸೀರೆಯ ಚೂರು ಮುಚ್ಚಿತ್ತು. ಅದನ್ನು ಅಟ್ಟದ ಮೇಲಿಟ್ಟು, ಒಳಗೆ ಹೋಗಿ ಏನನ್ನೋ ಮಡಚುತ್ತ ಕುಳಿತಳು. ಹೆಂಡತಿಗಾದರೂ ಇದ್ದದ್ದು ಹೇಳಿ ಅಳಬೇಕೆಂದು ಮಲಕಪ್ಪನಿಗೆ ಅನಿಸಿತು. ಆದರೆ ಟಪಾಲು ಚೀಲದ ಕತೆಯನ್ನು ಅವಳ ಮುಂದೆಯೂ ಎಷ್ಟೋ ಸಲ ಹೇಳಿದ್ದ. ಗೋಡೆಯ ಕಡೆ ಹೊರಳಿ ಮಲಗಿದ.

ಇಳಿಹೊತ್ತಿಗೆ ಮನ್ಸೂರ ಮೆರವಣಿಗೆಯನ್ನೇ ಕರೆದುಕೊಂಡು ಬಂದ. ಹಲಗೆ ಬಡಿಯುವವರು ಬೇರೆ.

ಮಲಕಪ್ಪ ಕುತ್ತಿಗೆ ಮುಟ್ಟಿ ತೋರಿಸಿದ. "ಈ ಗೆರಿಗೆ ನೀರ ತಾಗಂಗಿಲ್ಲ ಮನ್ಸೂರ. ಚರ್ಮ ಇನ್ನ ಹಸಿ ಐತಿ."

"ಗೊತ್ತೈತಿ." ಮನ್ಸೂರ ಬಗಲಿಂದ ಒಂದು ಸುರುಳಿ ತೆಗೆದ. ಗಿರಣಿಯ ಮೇಣದ ಕಾಗದ. ಅದನ್ನು ಮೂರ್ನಾಲ್ಕು ಸುತ್ತು ಮೆತ್ತಗೆ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಹಾಕಿದ. ಮಲಕಪ್ಪನ ಕುತ್ತಿಗೆ ಕಿರಾಣಿ ಅಂಗಡಿಯಲ್ಲಿ ಕಟ್ಟಿಸಿದ ಬೆಲ್ಲದ ಪೊಟ್ಟಣದಂತೆ ಕಾಣತೊಡಗಿತು. ತಲೆ ಅತ್ತಿತ್ತ ಹೊರಳುತ್ತಿರಲಿಲ್ಲ, ಹಾಗಾಗಿ ಒಲ್ಲೆ ಎಂದು ತಲೆ ಅಲ್ಲಾಡಿಸಲೂ ಬರಲಿಲ್ಲ.

ಕೊಳದ ಸುತ್ತ ಚಾಳಿಗೆ ಚಾಳೇ ನೆರೆದಿತ್ತು. ನೀರು ತಿಳಿಯಾಗಿ, ತಳದ ಸಿಮೆಂಟು ಕಾಣುವಷ್ಟು ಸ್ವಚ್ಛವಾಗಿತ್ತು. ಆದರೆ ಹತ್ತಿರ ಹೋದವರ ಕಣ್ಣು ಉರಿಯುತ್ತಿತ್ತು, ಮೂಗಿನಲ್ಲಿ ನೀರು ಸೋರುತ್ತಿತ್ತು. ಮಲಕಪ್ಪನಿಗೆ ಕೊನೆಯದಾಗಿ ಒಂದು ಯುಕ್ತಿ ನೆನಪಾಯಿತು.

"ಗಂಗಾಪೂಜಿ ಆಗೇತೇನ್ರಿ ಗಿರಿಜಾಬಾಯಾರ? ಹಾಲು, ಬಾಳಿಹಣ್ಣು, ಕುಂಕಮ ಎಲ್ಲಾ ನೀರಿಗೆ ಬಿಡದ ಇಳಿಯೂದು ನಮ್ಮಲ್ಲಿ ಪದ್ಧತಿ ಅಲ್ಲ."

ಹಾಲು, ಹಣ್ಣು ಬಿದ್ದರೆ ನೀರು ಕೆಡುತ್ತದೆ, ಕೆಟ್ಟ ನೀರಿಗೆ ಇಳಿಯುವಂತಿಲ್ಲ, ಇದು ಅವನ ಯುಕ್ತಿ.

"ಅಷ್ಟ ತಿಳಿಯೂದಿಲ್ಲೇನು ನಮಗ?" ಎಂದಳು ಗಿರಿಜಾಬಾಯಿ. "ನಿಮ್ಮ ಸಲುವಾಗಿ ಗಂಗೀನ ಕೊಡದಾಗ ಕೂಡಿಸಿ ದಂಡಿ ಮ್ಯಾಲನ ಪೂಜಿ ಮುಗಿಸೇವಿ. ಒಂದ ಹೂವಿನ ಎಸಳ ಸೈತ ನೀರಿಗೆ ಬಿಟ್ಟಿಲ್ಲ. ನೀವು ನಿಶ್ಚಿಂತಿಯಿಂದ ಹಾರ್ರಿ."

ಹಲಗೆಯವರು ಜೋರಾಗಿ ಬಡಿದರು. ಮನ್ಸೂರ ಅವನ ಅಂಗಿ ಕಳಚಿ, ಕೈ ಹಿಡಿದು, ಹಾರಲೆಂದು ಕೊಳದ ಮೇಲೆ ಚಾಚಿದ್ದ ಮರದ ಹಲಗೆಯ ತುದಿಗೆ ನಿಲ್ಲಿಸಿ ಹಿಂದೆ ಸರಿದ. ಕೆಳಗೆ ಎರಡಾಳು ನೀರು. ಹಾರಿದರೆ ಸಾವು. ಮುಳುಗಿ ಸಾಯುವುದು ತಪ್ಪಿದರೆ ಡಾಕ್ಟರು ಹೇಳಿದ ಹಾಗೆ ಸಾವು. ಹಾರದಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಜೀವವೋ ಹೆಸರೋ ಎಂದು ಮಲಕಪ್ಪ ತೂಗಿ ನೋಡಿದ. ಜನ್ಮದಲ್ಲಿ ಮೊದಲ ಸಲ ಜೀವದ ತಟ್ಟೆ ಕೆಳಗೆ ಬಂತು.

"ಎಲ್ಲಾರೂ ಕೇಳ್ರಿ" ಎಂದು ಕೂಗಿದ. ಹಲಗೆಯ ಬಡಿತ ನಿಂತಿತು. "ನನಗ ಈಜು ಬರೂದಿಲ್ಲ. ಅವತ್ತ ಹೊಳಿ ದಾಟಿದ್ದು ನಾ ಅಲ್ಲ, ಎಮ್ಮಿ. ನಾ ಅದರ ಬಾಲಾ ಹಿಡಕೊಂಡಿದ್ದೆ. ಟಪಾಲ ಚೀಲಾ ಇರಲಿಲ್ಲ. ಪದಕಾನೂ ಇರಲಿಲ್ಲ."

ಮನ್ಸೂರ ಅಂಗೈಯಿಂದ ಕಣ್ಣೊರೆಸಿಕೊಂಡ.

"ಕೇಳಿದ್ರೇನು? ತನ್ನ ಸಲುವಾಗಿ ನಮಗ ಇಷ್ಟ ತ್ರಾಸ ಆತಲ್ಲ ಅಂತ ತನ್ನ ಮಾನಾನ ತಾನ ಕಳಕೊಳ್ಳಾಕತ್ತಾನ. ಇಂಥಾ ಮನಿಶ್ಯಾ ಎಲ್ಲಿ ಸಿಗತಾನ?"

"ಕರೆಂಟು ತಲಿಗೆ ಏರೇತಿ" ಎಂದಳು ಗಿರಿಜಾಬಾಯಿ. "ತಣ್ಣೀರ ಬಿದ್ರ ಇಳೀತೈತಿ."

ಸುಳ್ಳನ್ನು ನಂಬಿಸಲು ಮಲಕಪ್ಪನಿಗೆ ಅರ್ಧ ಕಪ್ಪು ಚಹಾ ಸಾಕಾಗುತ್ತಿತ್ತು. ಸತ್ಯವನ್ನು ನಂಬಿಸಲು ಅವನ ಹತ್ತಿರ ಏನೂ ಇರಲಿಲ್ಲ. ಸಾಕ್ಷಿ ಹೇಳಬಹುದಾಗಿದ್ದ ಎಮ್ಮೆಯೂ ಎಂದೋ ಸತ್ತುಹೋಗಿತ್ತು.

ಹಲಗೆಯ ಬಡಿತ ಮತ್ತೆ ಶುರುವಾಯಿತು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಜೀಪು ಬಂದು ನಿಂತಿತು. ಇಳಿದವರು ಚಾಳಿನ ದವಾಖಾನೆಯ ಡಾಕ್ಟರು. ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡರು.

"ಏನಿದು ವಾಸನಿ? ಏನ ಹಾಕೀರಿ ನೀರಿಗೆ?"

ಚನಬಸಪ್ಪ ಎದೆಯುಬ್ಬಿಸಿ ಮುಂದೆ ಬಂದ. "ಕೀಟಾಣು ಕೊಲ್ಲೂ ಔಷಧ ಹಾಕೇನ್ರಿ ಸಾಹೇಬ್ರ. ನಮ್ಮ ಖಾತೆದ ಪ್ರಮಾಣ. ನೀರು ಹೆಂಗ ಆಗೇತಿ ನೀವ ನೋಡ್ರಿ" ಎಂದು ದಂಡೆಯಲ್ಲಿ ಬಗ್ಗಿದ. ಬಗ್ಗಿದಾಗ ಅವನ ತಲೆಯ ಕೆಂಪು ರುಮಾಲು ಜಾರಿ ನೀರಿಗೆ ಬಿತ್ತು. ಮಾವನ ಮನೆಯವರು ಉಡುಗೊರೆ ಕೊಟ್ಟ ರುಮಾಲದು. ಮನ್ಸೂರ ಕೋಲು ತರುವಷ್ಟರಲ್ಲಿ ಅದು ಗುಲಾಬಿಯಾಯಿತು. ಮೇಲೆತ್ತಿ ಹಿಂಡುವಷ್ಟರಲ್ಲಿ ಬೆಳ್ಳಗಾಗಿತ್ತು.

ಚನಬಸಪ್ಪನಿಗೆ ದುಃಖವಾದಂತೆ ಕಾಣಲಿಲ್ಲ. "ನೋಡಿದ್ರ್ಯಾ? ಬಣ್ಣಾನ ಉಳಿಯಲಿಲ್ಲ, ಕೀಟಾಣು ಎಲ್ಲಿ ಉಳೀತಾವು."

"ಇದರಾಗ ಮಲಕಪ್ಪ ಹಾರಿದ್ರ ಹೊರಗ ಮಲಕಪ್ಪ ಬರೂದಿಲ್ಲ, ಬಿಳೀ ಕಾಗದಾ ಬರತೈತಿ" ಎಂದರು ಡಾಕ್ಟರು. "ಯಾರೂ ಮುಟ್ಟಬ್ಯಾಡ್ರಿ. ಸಾಕಷ್ಟ ನೀರ ಕೂಡಿಸಿ ತೆಳ್ಳಗ ಮಾಡಿ, ಆಮ್ಯಾಲ ಪೂರಾ ಖಾಲಿ ಮಾಡ್ರಿ. ಮಲಕಪ್ಪ, ನೀವು ಮೊದಲ ಕೆಳಗ ಇಳೀರಿ."

ಮಲಕಪ್ಪ ಇಳಿದ ರಭಸಕ್ಕೆ ಮರದ ಹಲಗೆ ಇನ್ನೂ ಸ್ವಲ್ಪ ಹೊತ್ತು ಅಲುಗಾಡುತ್ತಲೇ ಇತ್ತು.

"ಸಾಹೇಬ್ರ, ನಾಳೆ ಹೊಸಾ ನೀರ ತುಂಬಸ್ತೇವಿ" ಎಂದ ಮನ್ಸೂರ. "ಔಷಧ ಹಾಕೂದಿಲ್ಲ. ಒಬ್ಬನ ಇಳೀಲಿ. ಕಡೀ ಆಶಾ ಐತ್ರಿ ಅವಗ."

"ಹೊಸಾ ನೀರೂ ಇಲ್ಲ, ಹಳೇ ನೀರೂ ಇಲ್ಲ. ನೀರು ಕಣ್ಣಿಗೆ ಸ್ವಚ್ಛ ಕಂಡ್ರ ಇವರಿಗೆ ಸ್ವಚ್ಛ ಅಲ್ಲ. ಕೊಳ್ಳಿನ ಚರ್ಮ ಮಾಯ್ದಿಲ್ಲ, ರಕ್ತದಾಗ ತಾಕತ್ತಿಲ್ಲ. ಒಂದ ಸಣ್ಣ ರೋಗ ಒಳಗ ಹೊಕ್ಕರ ಹೊರಗ ಹಾಕಾವರ ಇಲ್ಲ. ಈಗ ಇವರು ಕೊಳಕ್ಕ ಇಳಿಯಂಗಿಲ್ಲ, ಇಲ್ಲ ಅಂದ್ರ ಇಲ್ಲ."

ಮಲಕಪ್ಪನಿಗೆ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು. ಕುತ್ತಿಗೆಯ ಮೇಣದ ಕಾಗದ ಬಾಗಗೊಡಲಿಲ್ಲ, ಅದಕ್ಕೆ ಕೈ ಮುಗಿದು ನಿಂತ. ಡಾಕ್ಟರು ಹೆಂಗಸರ ಗುಂಪಿನ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಈಗಿಂದು ಆತು. ಮುಂದಿಂದು ಕೇಳ್ರಿ. ಎರಡನೇ ಸುತ್ತಿನ ಕರೆಂಟು ಮುಗದು, ಗಾಯ ಮಾಯ್ದು, ರಕ್ತ ತುಂಬಿಕೊಂಡ ಮ್ಯಾಲ ಇವರು ದಿನಾ ಈಜಬೇಕು. ಕೊಳ್ಳು, ಭುಜಾ ಬಿಗದು ಕಟಗಿ ಆಗ್ಯಾವ. ಅದಕ್ಕ ಈಜಿನಂಥಾ ಔಷಧ ಇನ್ನೊಂದಿಲ್ಲ. ಇವರಿಗೆ ಹೆಂಗೂ ಈಜು ಬರತೈತಿ ಅಂತ ಕೇಳೇನಿ."

ಮುಗಿದ ಕೈ ಹಾಗೆಯೇ ನಿಂತಿತು.

"ಎರಡನೇ ಸುತ್ತಿಗೆ ಯಾವಾಗ ಹೊಂಟೀರಿ?"

"ನೋಡೂಣು ಅಂತ..." ಎಂದ ಮಲಕಪ್ಪ.

"ನೋಡೂದೇನು? ನಾಡದ ಆಸ್ಪತ್ರಿ ತಾರೀಖು. ತಪ್ಪಿದ್ರ ಕರಗಿದ ಗಂಟು ತಿರಗಿ ಬರತೈತಿ. ಬಂದಾಗ ಮೊದಲಿನಷ್ಟ ಇರೂದಿಲ್ಲ."

ಇಡೀ ಚಾಳು ಮಲಕಪ್ಪನ ಕಡೆ ತಿರುಗಿತು. ಈ ಮನುಷ್ಯ ಆಸ್ಪತ್ರೆಗೆ ಹೋಗದೆ ಕುಳಿತಿದ್ದಾನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮನ್ಸೂರ ನೇರವಾಗಿ ಮರದ ಹಲಗೆಯ ಮೇಲೆ ಹತ್ತಿ ನಿಂತ.

"ಮಂಡಳಿ ವತಿಯಿಂದ ಹೇಳ್ತೇನಿ. ಮಲಕಪ್ಪಣ್ಣ ಗುಣಾ ಆಗಿ ಬಂದು, ತನ್ನ ಕಾಲಿಲೆ ಇಲ್ಲಿ ನಿಂತು, ಮೊದಲ ಹಾರೂತನಕ ಈ ಕೊಳಕ್ಕ ಕೀಲಿ. ಯಾರೂ ಇಳಿಯಂಗಿಲ್ಲ, ನಾನೂ ಇಳಿಯಂಗಿಲ್ಲ."

ಬೇಸಿಗೆಯ ದಿನಗಳು. ಬೆಳಿಗ್ಗೆಯಿಂದ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾದಿದ್ದವರ ಮುಖ ಒಮ್ಮೆ ಬಾಡಿತು. ಆಮೇಲೆ ಒಬ್ಬೊಬ್ಬರಾಗಿ ಮಲಕಪ್ಪನನ್ನು ನೋಡಿದ ರೀತಿಯೇ ಬೇರೆಯಾಯಿತು. ಅವನು ಬೇಗ ಗುಣವಾಗುವುದರಲ್ಲಿ ಈಗ ಎಲ್ಲರಿಗೂ ಪಾಲಿತ್ತು. ಹಾಲು ನಾನು ಕೊಡುತ್ತೇನೆ ಎಂದರು ಒಬ್ಬರು. ಮುಂಜಾನೆಯ ಅಳ್ನಾವರದ ರೈಲಿಗೆ ಹತ್ತಿಸುವುದು ನಮ್ಮ ಜಿಮ್ಮೆ ಎಂದರು ಇನ್ನೊಬ್ಬರು. ಮನ್ಸೂರ ರಜೆ ಹಾಕಿ ಜೊತೆಗೇ ಹೋಗುವುದೆಂದಾಯಿತು. ಮಲಕಪ್ಪ ನಡುವೆ ಇಳಿದುಬಿಟ್ಟಾನೆಂದು ಚನಬಸಪ್ಪನೂ ಹೊರಟ. ಬಿಳಿಯಾದ ರುಮಾಲನ್ನೇ ಸುತ್ತಿಕೊಂಡು ಬರುವವನಿದ್ದ.

ಮಲಕಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕುಳಿತ. ಹೋಗದಿದ್ದರೆ ಗಂಟು ಬರುತ್ತದೆ. ಹೋಗಿ ಗುಣವಾದರೆ ಕೊಳ ಕಾದಿರುತ್ತದೆ. ಬೇರೆ ದಾರಿ ಇದೆಯೇ ಎಂದು ಹುಡುಕುತ್ತ ಕಣ್ಣು ಹಾಯಿಸಿದಾಗ ಬಾಗಿಲ ಪಕ್ಕದಲ್ಲಿ ಅವನ ಟ್ರಂಕು ಕಂಡಿತು. ಬಟ್ಟೆ ತುಂಬಿ, ಹಗ್ಗ ಬಿಗಿದು ತಯಾರಾಗಿತ್ತು.

"ನಾಳೆ ಹೋಗೂದು ಈಗ ಠರಾವ ಆಗೇತಿ" ಎಂದ. "ನೀ ಟ್ರಂಕ ಯಾವಾಗ ಕಟ್ಟಿದಿ?"

ಕೆಂಚವ್ವ ಅವನ ಕುತ್ತಿಗೆಯ ಮೇಣದ ಕಾಗದವನ್ನು ನೋವಾಗದಂತೆ ಬಿಚ್ಚುತ್ತಿದ್ದಳು. "ಮಧ್ಯಾಹ್ನ. ಸಂತಿಗೆ ಹೋಗೂ ಮೊದಲ ಡಾಕ್ಟರ ಮನಿಗೆ ಹೋಗಿದ್ದೆ. ಗುಣಾ ಆದ ಮ್ಯಾಲ ಈಜಬೇಕು ಅಂತ ಎಲ್ಲಾರ ಮುಂದ ಹೇಳ್ರಿ ಅಂದೆ. ನಾ ಒಬ್ಬಾಕಿ ಹೇಳಿದ್ರ ನೀವು ಹೋಗೂದಿಲ್ಲ. ಊರ ಹೇಳಿದ್ರ ಬಿಡೂದಿಲ್ಲ. ಭುಜಕ್ಕ ಛಲೋ ಅನ್ನೂದು ಸುಳ್ಳಲ್ಲಂತ, ಅದಕ್ಕ ಡಾಕ್ಟರೂ ಒಪ್ಪಿದ್ರು."

ಮಲಕಪ್ಪ ಅವಳ ಕೈ ಹಿಡಿದು ನಿಲ್ಲಿಸಿದ. "ನನಗ ಈಜು..."

"ಬರೂದಿಲ್ಲ. ಅದನ್ನೂ ಅವರಿಗೆ ಹೇಳೇನಿ."

"ನಿನಗ ಹೆಂಗ ಗೊತ್ತು?"

"ಆ ಎಮ್ಮಿ ನಮ್ಮಪ್ಪಂದು. ನಾ ಆಚೀ ದಂಡಿ ಮ್ಯಾಲ ಅರಬಿ ಒಗಿಯಾಕತ್ತಿದ್ದೆ. ಎಮ್ಮಿ ದಂಡಿ ಹತ್ತಿ ಮೇಯಾಕತ್ತಿದ್ರೂ ನೀವು ಕಣ್ಣ ಮುಚ್ಚಿ ಬಾಲಾ ಹಿಡಕೊಂಡ ನಿಂತಿದ್ರಿ. ಲಗ್ನಕ್ಕ ಹೂಂ ಅಂದಾಗ ಅದ ನೆನಪಾಗಿ ನಕ್ಕಿದ್ದೆ."

ಇಷ್ಟು ವರ್ಷ ಟಪಾಲು ಚೀಲದ ಕತೆ ಕೇಳಿ ಅವಳು ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ. ಮಲಕಪ್ಪನಿಗೆ ಸಿಟ್ಟು ಬರಬೇಕಿತ್ತು, ನಾಚಿಕೆ ಬಂತು. ನಾಚಿಕೆಯ ಹಿಂದೆ ಅಳು ಬಂತು.

"ಆ ಯಂತ್ರದ ಕ್ವಾಣ್ಯಾಗ ಒಬ್ಬನ ಮಲಗಾಕ ಅಂಜಿಕಿ ಆಕ್ಕೈತಿ ಕೆಂಚವ್ವಾ."

"ಗೊತ್ತೈತಿ. ನಾನೂ ಬರ್ತೇನಿ. ಬಾಗಲಾ ಹಾಕಿದ್ರೂ ಹೊರಗ ಕುಂತಿರ್ತೇನಿ." ಅವಳ ದನಿ ಸ್ವಲ್ಪ ಒಡೆಯಿತು. "ನೀವು ಹೋಗಿಬಿಟ್ರ ನನ್ನ ಮುಂದ ಇಂಥಾ ಸುಳ್ಳ ಹೇಳಾವರು ಯಾರದಾರ?"

ಹೊರಗಿನಿಂದ ಮನ್ಸೂರನ ಕೂಗು ಕೇಳಿಸಿತು: "ಮಲಕಪ್ಪಣ್ಣಾ, ನಸುಕಿನ್ಯಾಗ ಎಬ್ಬಸ್ತೇನಿ, ತಯಾರ ಇರು."

ಕೆಂಚವ್ವ ಎದ್ದು ಅಟ್ಟದ ಮೇಲಿನ ಬುಟ್ಟಿ ಇಳಿಸಿ, ಮುಚ್ಚಿದ ಸೀರೆಯ ಚೂರು ತೆಗೆದಳು. ಒಳಗೆ ಎರಡು ಒಣಗಿದ ಸೋರೆ ಬುರುಡೆಗಳಿದ್ದವು. ಒಂದೊಂದನ್ನೂ ಬೆರಳಿನಿಂದ ಬಡಿದು ನೋಡಿ ಟ್ರಂಕಿನ ಪಕ್ಕದಲ್ಲಿಟ್ಟಳು.

"ಮೊದಲ ಗುಣಾ ಆಗ್ರಿ. ಆಮ್ಯಾಲ ನಾ ಕಲಸ್ತೇನಿ, ಹೊಳಿಯೊಳಗ ಈಜಿ ಬೆಳದಾಕಿ ನಾ."

"ಚಾಳಿನ ಮಂದಿ ಮುಂದ ಬುರಡಿ ಕಟಗೊಂಡ ಇಳೀಲೇನು?" ಎಂದ ಮಲಕಪ್ಪ ಮೂಗು ಒರೆಸಿಕೊಳ್ಳುತ್ತ. "ಮತ್ತ ಎರಡ ಯಾಕ ತಂದಿ?"

"ಒಂದು ನಿಮ್ಮ ಮೈ ತೇಲಸಾಕ" ಎಂದಳು ಕೆಂಚವ್ವ. "ಇನ್ನೊಂದು ಆ ಟಪಾಲ ಚೀಲಾ ತೇಲಸಾಕ. ಅದೂ ಭಾಳ ಭಾರ ಐತಿ."